ಸೋಬಾನೆ ಹಾಡಿನ ಸೈಟಿಗೆ ಎಚ್‌ಟಿಟಿಪಿ 2, ಆಮೇಲೆ 3: ಎಂಜಿನ್‌ಎಕ್ಸ್ ಅಪ್‌ಗ್ರೇಡ್ ಮಾಡಿದ ಅನುಭವ

ಹೊಸನಗರದಿಂದ ಚಿಕ್ಕಮ್ಮ ಫೋನ್ ಮಾಡಿ "ಅರ್ಧ ಫೋಟೋ ಬರ್ತವೆ ಕಣೋ, ಇನ್ನರ್ಧ ಬಿಳೀ ಡಬ್ಬಿ ಥರ ಕೂತಿರ್ತವೆ, ಹಾಡು ಒತ್ತಿದ್ರೆ ಚಕ್ರ ತಿರುಗ್ತಾನೇ ಇರುತ್ತೆ" ಅಂದ್ರು. ಅವರ ದನಿಯಲ್ಲಿ ಬೇಜಾರಿತ್ತು, ಯಾಕಂದ್ರೆ ಆ ಸೈಟಿನಲ್ಲಿರೋ ಹಾಡುಗಳಲ್ಲಿ ಮುಕ್ಕಾಲು ಪಾಲು ಅವರೂ ಅವರ ಓರಗೆಯವರೂ ಹಾಡಿದ್ದು. ಮದುವೆ ಮನೆ ಸೋಬಾನೆ, ಅರಿಶಿಣದ ಹಾಡು, ಬೀಸೋ ಕಲ್ಲಿನ ಪದ, ಇವನ್ನೆಲ್ಲ ಐದಾರು ವರ್ಷ ಓಡಾಡಿ ರೆಕಾರ್ಡ್ ಮಾಡಿ, ಹಾಡು ಬರೆದಿಟ್ಟಿದ್ದ ಹಳೇ ನೋಟ್‌ಬುಕ್ಕುಗಳ ಫೋಟೋ ತೆಗೆದು ಒಂದು ಚಿಕ್ಕ ಸೈಟ್ ಮಾಡಿದ್ದೀನಿ. ಹಾಡಿದವರಿಗೇ ಅದು ಓಪನ್ ಆಗಲ್ಲ ಅಂದ್ರೆ ನಾನು ಮಾಡಿದ್ದಕ್ಕೆ ಏನು ಅರ್ಥ ಅಂತ ಅವತ್ತು ರಾತ್ರಿನೇ ಸರ್ವರ್ ತೆಗೆದು ಕೂತೆ.

ಸರ್ವರ್ ಅಂದ್ರೆ ದೊಡ್ಡದೇನಲ್ಲ, ಒಂದು ಜಿಬಿ ರ‍್ಯಾಮ್, ಒಂದೇ ಸಿಪಿಯು ಇರೋ ವಿಪಿಎಸ್ (ಬಾಡಿಗೆಗೆ ಸಿಗೋ ವರ್ಚುವಲ್ ಸರ್ವರ್), ಉಬುಂಟು 22.04, ಅದರ ಜೊತೆಗೇ ಬಂದ ಎಂಜಿನ್‌ಎಕ್ಸ್ 1.18 (ಪುಟಗಳನ್ನ ಬ್ರೌಸರಿಗೆ ಕಳಿಸೋ ವೆಬ್ ಸರ್ವರ್ ಪ್ರೋಗ್ರಾಮ್). ಬ್ರೌಸರಿನ ಡೆವಲಪರ್ ಟೂಲ್ಸ್ ತೆಗೆದು ನೆಟ್‌ವರ್ಕ್ ಟ್ಯಾಬ್‌ನಲ್ಲಿ ಪ್ರೋಟೋಕಾಲ್ ಅನ್ನೋ ಕಾಲಮ್ ಆನ್ ಮಾಡಿದ್ರೆ (ಕಾಲಮ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ ಸಿಗುತ್ತೆ) ಮೇಲಿಂದ ಕೆಳಗಿನವರೆಗೂ ಎಚ್‌ಟಿಟಿಪಿ 1.1, ಅಂದ್ರೆ ಬ್ರೌಸರೂ ಸರ್ವರೂ ಮಾತಾಡೋ ಭಾಷೆಯ ಹಳೇ ಆವೃತ್ತಿ. ಅದರ ಮೊದಲ ಸ್ಟ್ಯಾಂಡರ್ಡ್ ಬಂದಿದ್ದು 1997ರ ಜನವರಿಯಲ್ಲಿ. ಸೈಟ್ ಶುರು ಮಾಡಿದಾಗ ಯಾವುದೋ ಟ್ಯುಟೋರಿಯಲ್ ನೋಡಿ ಬರೆದ ಕಾನ್ಫಿಗ್ ಅದು, ಆಮೇಲೆ ಯಾರೂ ಮುಟ್ಟಿರ್ಲಿಲ್ಲ.

ಇದರಿಂದ ಏನು ತೊಂದರೆ ಅಂದ್ರೆ, 1.1ರಲ್ಲಿ ಬ್ರೌಸರ್ ಒಂದು ಸೈಟಿಗೆ ಸಾಮಾನ್ಯವಾಗಿ ಆರು ಕನೆಕ್ಷನ್ ಮಾತ್ರ ತೆಗೆಯುತ್ತೆ, ಒಂದೊಂದು ಕನೆಕ್ಷನ್‌ನಲ್ಲೂ ಒಂದು ಫೈಲ್ ಪೂರ್ತಿ ಬಂದ ಮೇಲೇ ಇನ್ನೊಂದು ಕೇಳೋದು. ಬಸ್ ಸ್ಟ್ಯಾಂಡಿನಲ್ಲಿ ಆರು ಟಿಕೆಟ್ ಕೌಂಟರ್ ಇದ್ದು ಮುಂದಿರೋನು ಚಿಲ್ಲರೆ ಹುಡುಕ್ತಾ ನಿಂತ್ರೆ ಹಿಂದಿರೋರೆಲ್ಲ ಕಾಯಬೇಕಲ್ಲ, ಹಾಗೆ. ನಮ್ಮ ಮುಖಪುಟದಲ್ಲಿ 84 ಚಿಕ್ಕ ಫೋಟೋ ಇವೆ, ಆರಾರರಂತೆ ಹದಿನಾಲ್ಕು ಸರದಿ. ಬೆಂಗಳೂರಿನಲ್ಲಿ ಫೈಬರ್ ಹಾಕಿಸಿಕೊಂಡು ಕೂತಿರೋ ನನಗೆ ಇದು ಕಾಣಿಸಲೇ ಇಲ್ಲ, ಒಂದೇ ಟವರ್ ನಂಬಿಕೊಂಡು ಒಂದೋ ಎರಡೋ ಕಡ್ಡಿ ಸಿಗ್ನಲ್‌ನಲ್ಲಿರೋ ಚಿಕ್ಕಮ್ಮನಿಗೆ ಪ್ರತಿ ಸರದಿಯೂ ಕಾಣಿಸ್ತು.

ಮೊದಲು ಎಚ್‌ಟಿಟಿಪಿ 2ಕ್ಕೆ ಹೋದೆ. ಇದರ ಬಗ್ಗೆ ಜಾಸ್ತಿ ಹೇಳೋದೇ ಬೇಡ ಅನ್ನೋವಷ್ಟು ಸುಲಭ. ಎಂಜಿನ್‌ಎಕ್ಸ್‌ಗೆ ಎಚ್‌ಟಿಟಿಪಿ 2 ಬಂದಿದ್ದು 2015ರ ಸೆಪ್ಟೆಂಬರಿನಲ್ಲಿ, 1.9.5 ಆವೃತ್ತಿಯಲ್ಲಿ, ಅಂದ್ರೆ ನನ್ನ ಹತ್ರ ಇದ್ದ ಹಳೇ 1.18ರಲ್ಲೂ ಅದು ಇದ್ದೇ ಇತ್ತು, ಲಿಸನ್ 443 ಎಸ್‌ಎಸ್‌ಎಲ್ ಅಂತ ಇರೋ ಸಾಲಿನ ಕೊನೆಗೆ ಎಚ್‌ಟಿಟಿಪಿ2 ಅನ್ನೋ ಒಂದೇ ಒಂದು ಪದ ಸೇರಿಸಿ, ಕಾನ್ಫಿಗ್ ಟೆಸ್ಟ್ ಮಾಡಿ, ರೀಲೋಡ್ ಕೊಟ್ಟೆ, ಮುಗೀತು. ಬ್ರೌಸರುಗಳು 2ನ್ನ ಎಚ್‌ಟಿಟಿಪಿಎಸ್ ಮೇಲೆ ಮಾತ್ರ ಮಾತಾಡ್ತವೆ, ಆದ್ರೆ ಲೆಟ್ಸ್ ಎನ್‌ಕ್ರಿಪ್ಟ್‌ನ 90 ದಿನದ ಉಚಿತ ಸರ್ಟಿಫಿಕೇಟ್ ಮೊದಲೇ ಇತ್ತು, ಅದು ತಾನಾಗೇ ರಿನ್ಯೂ ಆಗ್ತಿತ್ತು. ಈಗ ಒಂದೇ ಕನೆಕ್ಷನ್, ಅದರೊಳಗೆ ಎಂಬತ್ನಾಲ್ಕು ಫೋಟೋನೂ ಒಟ್ಟಿಗೇ ಕೇಳಬಹುದು, ಎಂಜಿನ್‌ಎಕ್ಸ್ ಡೀಫಾಲ್ಟ್ ಆಗಿ ಒಂದು ಕನೆಕ್ಷನ್‌ನಲ್ಲಿ 128 ಸ್ಟ್ರೀಮ್ (ಒಂದೊಂದು ಫೈಲಿನ ಹರಿವು) ಬಿಡುತ್ತೆ. ಹೆಡರ್‌ಗಳೂ (ಪ್ರತಿ ರಿಕ್ವೆಸ್ಟ್, ಉತ್ತರದ ಜೊತೆ ಹೋಗೋ ವಿವರಗಳು) ಕಂಪ್ರೆಸ್ ಆಗ್ತವೆ, ಅದೇ ಕುಕಿ ಅದೇ ಯೂಸರ್ ಏಜೆಂಟ್ ಎಂಬತ್ನಾಲ್ಕು ಸಲ ಪೂರ್ತಿಯಾಗಿ ಕಳಿಸೋದು ತಪ್ಪುತ್ತೆ, ಅಪ್‌ಲೋಡ್ ನಿಧಾನ ಇರೋ ಮೊಬೈಲ್‌ಗೆ ಇದೂ ಸಣ್ಣ ವಿಷಯ ಅಲ್ಲ. ಐದಕ್ಕೆ ಐದು ಸ್ಟಾರ್ ಕೊಡ್ತೀನಿ. ಇನ್ನೂ 1.1ರಲ್ಲೇ ಓಡಿಸ್ತಾ ಇರೋರು ದಯವಿಟ್ಟು ಇವತ್ತೇ ಮಾಡಿ.

ಆದ್ರೆ ಇದನ್ನ ಆನ್ ಮಾಡಿ ಸುಮ್ಮನೆ ಬಿಡಬೇಡಿ, 1.1ರ ಕಾಲದಲ್ಲಿ ಮಾಡಿಕೊಂಡ ಉಪಾಯಗಳನ್ನ ಬಿಚ್ಚಬೇಕು. ನಾನು ಆರು ಕನೆಕ್ಷನ್ ಸಾಲಲ್ಲ ಅಂತ ಫೋಟೋಗಳಿಗೆ ಬೇರೆ ಸಬ್‌ಡೊಮೇನ್ ಮಾಡಿದ್ದೆ, ಆಗ ಅದು ಸರಿಯಾದ ಕೆಲಸನೇ, ಇನ್ನೊಂದು ಆರು ಕನೆಕ್ಷನ್ ಸಿಗ್ತಿತ್ತು. 2ರಲ್ಲಿ ಅದೇ ಉಪಾಯ ಭಾರ, ಇನ್ನೊಂದು ಡಿಎನ್‌ಎಸ್ ಹುಡುಕಾಟ (ಹೆಸರಿಂದ ಐಪಿ ವಿಳಾಸ ಹುಡುಕೋದು), ಬಹಳ ಸಲ ಇನ್ನೊಂದು ಟಿಎಲ್‌ಎಸ್ ಹ್ಯಾಂಡ್‌ಶೇಕ್ (ಎನ್‌ಕ್ರಿಪ್ಶನ್‌ಗೆ ಮುಂಚೆ ಮಾಡ್ಕೊಳ್ಳೋ ಒಪ್ಪಂದ). ಫೋಟೋಗಳನ್ನ ಮತ್ತೆ ಮುಖ್ಯ ಡೊಮೇನಿಗೇ ತಂದೆ. ಐಕಾನ್‌ಗಳನ್ನೆಲ್ಲ ಸೇರಿಸಿ ಮಾಡಿದ್ದ ಒಂದು ದೊಡ್ಡ ಸ್ಪ್ರೈಟ್ ಚಿತ್ರ ತೆಗೆದೆ. ಸರ್ವರ್ ಪುಶ್ (ಬ್ರೌಸರ್ ಕೇಳೋ ಮೊದಲೇ ಸರ್ವರ್ ಫೈಲ್ ಕಳಿಸೋದು) ಬಗ್ಗೆ ಹಳೇ ಲೇಖನಗಳಲ್ಲಿ ಬಹಳ ಹೊಗಳಿಕೆ ಸಿಗುತ್ತೆ, ಅದರ ಹಿಂದೆ ಹೋಗಬೇಡಿ, ಕ್ರೋಮ್ 2022ರಲ್ಲೇ 106ನೇ ಆವೃತ್ತಿಯಿಂದ ಅದನ್ನ ಬಂದ್ ಮಾಡ್ತು, ಎಂಜಿನ್‌ಎಕ್ಸ್ 1.25.1ರಲ್ಲಿ ಕಿತ್ತೇ ಹಾಕಿದ್ರು.

ಇನ್ನೊಂದು, 2 ಹಾಕಿದ ಮೇಲೆ ಸರ್ವರ್ ಅಪ್‌ಡೇಟ್ ಮಾಡ್ತಾ ಇರಲೇಬೇಕು. 2023ರ ಅಕ್ಟೋಬರಿನಲ್ಲಿ ರ‍್ಯಾಪಿಡ್ ರೀಸೆಟ್ ಅನ್ನೋ ದಾಳಿ ಬಯಲಾಯ್ತು, ಸ್ಟ್ರೀಮ್ ತೆಗೆದು ತಕ್ಷಣ ರದ್ದು ಮಾಡೋದು, ಮತ್ತೆ ತೆಗೆಯೋದು ಮತ್ತೆ ರದ್ದು, ಹೀಗೆ ಮಾಡಿ ಗೂಗಲ್ ಮೇಲೆ ಸೆಕೆಂಡಿಗೆ 39.8 ಕೋಟಿ ರಿಕ್ವೆಸ್ಟ್ ತನಕ ಸುರಿದಿದ್ರು. ನಮ್ಮಂಥ ಸೋಬಾನೆ ಸೈಟಿಗೆ ಯಾರು ಹಾಗೆ ಮಾಡ್ತಾರೆ ಅಂತ ಅನ್ನಿಸಬಹುದು, ಆದ್ರೆ ಬಾಟ್‌ಗಳು ಹಾಡು ಕೇಳಿ ಬರಲ್ಲ, ಐಪಿ ನೋಡ್ಕೊಂಡು ಬರ್ತವೆ. ಎಂಜಿನ್‌ಎಕ್ಸ್‌ನಲ್ಲಿ ಒಂದು ಕನೆಕ್ಷನ್‌ಗೆ 1000 ರಿಕ್ವೆಸ್ಟ್ ಅನ್ನೋ ಡೀಫಾಲ್ಟ್ ಮಿತಿ ಇದೆ, ಅದನ್ನ ಸಿಕ್ಕಾಪಟ್ಟೆ ಏರಿಸಿಕೊಂಡಿದ್ರೆ ಕೆಳಗಿಳಿಸಿ.

ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಫೋಟೋ ಬೇಗ ಬರ್ತವೆ ಈಗ, ಆದ್ರೆ ಮಳೆ ಜೋರಾದಾಗ ಎಲ್ಲಾ ಒಟ್ಟಿಗೇ ನಿಂತುಬಿಡ್ತವೆ ಅಂದ್ರು. ಈ ಮಾತು ಕೇಳಿ ನನಗೆ ಮೈ ಜುಂ ಅಂತು, ಯಾಕಂದ್ರೆ ತಾಂತ್ರಿಕ ಪದ ಒಂದೂ ಗೊತ್ತಿಲ್ಲದೆ ಅವರು ಎಚ್‌ಟಿಟಿಪಿ 2ರ ಅಸಲೀ ದೌರ್ಬಲ್ಯನ ಹೇಳಿಬಿಟ್ಟಿದ್ರು. ಆಗುಂಬೆ ಘಾಟಿ ನೆನಪಿಸಿಕೊಳ್ಳಿ, ಹದಿನಾಲ್ಕು ತಿರುವು, ರಸ್ತೆ ಒಂದೇ, ತಿರುವಿನಲ್ಲಿ ಒಂದು ಗಾಡಿ ಕೆಟ್ಟು ನಿಂತ್ರೆ ಹಿಂದಿರೋ ಬಸ್ಸು ಬೈಕು ಆಂಬುಲೆನ್ಸು ಎಲ್ಲಾ ನಿಲ್ಲಬೇಕು, ಅವುಗಳಲ್ಲಿ ಏನೂ ತೊಂದರೆ ಇಲ್ಲದಿದ್ರೂ. ಎಚ್‌ಟಿಟಿಪಿ 2 ಎಲ್ಲಾ ಫೈಲನ್ನೂ ಒಂದೇ ಟಿಸಿಪಿ ಕನೆಕ್ಷನ್‌ನಲ್ಲಿ ಬೆರೆಸಿ ಕಳಿಸುತ್ತೆ, ಟಿಸಿಪಿ ಅಂದ್ರೆ ಡೇಟಾನ ಸಾಲು ತಪ್ಪದೆ ತಲುಪಿಸೋ ಸಾಗಣೆ, ಟಿಸಿಪಿಗೆ ಒಳಗೆ ಎಷ್ಟು ಫೈಲ್ ಇವೆ ಅಂತ ಗೊತ್ತೇ ಇಲ್ಲ, ಅದಕ್ಕೆ ಗೊತ್ತಿರೋದು ಬೈಟ್‌ಗಳ ಸಾಲು ಮಾತ್ರ, ನಡುವೆ ಒಂದು ಪ್ಯಾಕೆಟ್ (ಡೇಟಾದ ತುಣುಕು) ಕಳೆದುಹೋದ್ರೆ ಅದು ಮತ್ತೆ ಬರೋ ತನಕ ಅದರ ಹಿಂದೆ ಬಂದಿದ್ದನ್ನ ಯಾವುದನ್ನೂ ಬ್ರೌಸರಿಗೆ ಕೊಡಲ್ಲ. 1.1ರಲ್ಲಾದ್ರೆ ಆರರಲ್ಲಿ ಒಂದು ನಿಂತ್ರೆ ಐದಾದ್ರೂ ಓಡ್ತಿದ್ವು. ಸಿಗ್ನಲ್ ಚೆನ್ನಾಗಿರೋ ಕಡೆ ಇದು ಯಾರಿಗೂ ಕಾಣಲ್ಲ, ಪ್ಯಾಕೆಟ್ ಕಳೆದುಹೋಗೋ ಮಲೆನಾಡಿನ ಮೊಬೈಲ್ ನೆಟ್‌ವರ್ಕಿನಲ್ಲಿ ಕಾಣುತ್ತೆ.

ಎಚ್‌ಟಿಟಿಪಿ 3 ಮಾಡಿರೋದೇ ಇದಕ್ಕೆ. ಅದು ಟಿಸಿಪಿನೇ ಬಿಟ್ಟು ಯುಡಿಪಿ (ಸಾಲಿಗೆ ಕಾಯದ ಸರಳ ಸಾಗಣೆ) ಮೇಲೆ ಕ್ವಿಕ್ ಅನ್ನೋ ಹೊಸ ಸಾಗಣೆ ಕಟ್ಟಿಕೊಂಡಿದೆ, ಕ್ವಿಕ್ ಸ್ಟ್ಯಾಂಡರ್ಡ್ ಆಗಿದ್ದು 2021ರ ಮೇನಲ್ಲಿ, ಎಚ್‌ಟಿಟಿಪಿ 3 ಆಗಿದ್ದು 2022ರ ಜೂನ್‌ನಲ್ಲಿ. ಅದರಲ್ಲಿ ಪ್ರತಿ ಸ್ಟ್ರೀಮ್‌ಗೂ ತನ್ನದೇ ಲೆಕ್ಕ, ಒಂದು ಫೋಟೋದ ಪ್ಯಾಕೆಟ್ ಕಳೆದ್ರೆ ಆ ಫೋಟೋ ಮಾತ್ರ ಕಾಯುತ್ತೆ, ಉಳಿದವು ಮುಂದೆ ಹೋಗ್ತವೆ. ಸರಿ, ಇದು ಬೇಕೇ ಬೇಕು ಅಂತ ತೀರ್ಮಾನ ಮಾಡಿದೆ, ಮತ್ತು ಇಲ್ಲಿಂದ ಕೆಲಸ ಶುರುವಾಯ್ತು.

ಎಂಜಿನ್‌ಎಕ್ಸ್‌ಗೆ 3 ಬಂದಿದ್ದು 2023ರ ಮೇನಲ್ಲಿ 1.25.0 ಜೊತೆ, ಸ್ಟೇಬಲ್ ಸಾಲಿಗೆ ಸೇರಿದ್ದು 2024ರ ಏಪ್ರಿಲ್‌ನ 1.26ರಲ್ಲಿ. ಉಬುಂಟು 22.04ರ 1.18ರಲ್ಲಿ ಇಲ್ಲ, 24.04ರ ಜೊತೆ ಬರೋ 1.24ರಲ್ಲೂ ಇಲ್ಲ, ಅದಕ್ಕೆ ಎಂಜಿನ್‌ಎಕ್ಸ್‌ನವರದೇ ಪ್ಯಾಕೇಜ್ ರೆಪೊಸಿಟರಿ ಸೇರಿಸಿಕೊಂಡೆ, ಅವರ ಪ್ಯಾಕೇಜಿನಲ್ಲಿ 3ರ ಮಾಡ್ಯೂಲ್ ಸೇರಿಸಿಯೇ ಕಟ್ಟಿರ್ತಾರೆ, ಸೋರ್ಸಿಂದ ಕಂಪೈಲ್ ಮಾಡೋ ತಾಪತ್ರಯ ಇಲ್ಲ. ಒಂದು ಎಚ್ಚರಿಕೆ: ಉಬುಂಟುವಿನ ಎಂಜಿನ್‌ಎಕ್ಸ್‌ಗೆ ಹಾಕಿದ್ದ ಡೈನಾಮಿಕ್ ಮಾಡ್ಯೂಲ್‌ಗಳು ಹೊಸದಕ್ಕೆ ಹೊಂದಲ್ಲ, ಬೈನರಿ ಹೊಂದಾಣಿಕೆ ಇಲ್ಲ ಅಂತ ಹೇಳಿ ಸ್ಟಾರ್ಟೇ ಆಗಲ್ಲ. ಮೊದಲೇ ಎಂಜಿನ್‌ಎಕ್ಸ್ ಫೋಲ್ಡರ್ ಪೂರ್ತಿ ಬ್ಯಾಕಪ್ ತೆಗೆದು, ಆ ಮಾಡ್ಯೂಲ್ ಸಾಲುಗಳನ್ನ ತೆಗೆದು ಆಮೇಲೆ ಅಪ್‌ಗ್ರೇಡ್ ಮಾಡಿ. ಹಳೇ ಎಚ್‌ಟಿಟಿಪಿ2 ಪದ ಲಿಸನ್ ಸಾಲಿನಲ್ಲಿದ್ರೆ ಈಗ ವಾರ್ನಿಂಗ್ ಬರುತ್ತೆ, ಅದನ್ನ ತೆಗೆದು ಎಚ್‌ಟಿಟಿಪಿ2 ಆನ್ ಅಂತ ಬೇರೆ ಸಾಲು ಬರೀಬೇಕು.

ಕಾನ್ಫಿಗ್‌ನಲ್ಲಿ ಹೊಸದಾಗಿ ಬರೋದು ಲಿಸನ್ 443 ಕ್ವಿಕ್ ರೀಯೂಸ್‌ಪೋರ್ಟ್ ಅನ್ನೋ ಸಾಲು, ಹಳೇ ಲಿಸನ್ ಸಾಲು ಪಕ್ಕದಲ್ಲೇ ಇರಬೇಕು, ಅದು ಟಿಸಿಪಿಗೆ ಇದು ಯುಡಿಪಿಗೆ. ನನ್ನ ಸರ್ವರಿನಲ್ಲಿ ಇನ್ನೂ ಎರಡು ಸಣ್ಣ ಸೈಟ್ ಇವೆ, ಮೂರಕ್ಕೂ ಅದೇ ಸಾಲು ಕಾಪಿ ಮಾಡಿದೆ, ಡೂಪ್ಲಿಕೇಟ್ ಲಿಸನ್ ಆಪ್ಷನ್ಸ್ ಅಂತ ಬೈತು, ರೀಯೂಸ್‌ಪೋರ್ಟ್ ಅನ್ನೋದು ಒಂದು ವಿಳಾಸ-ಪೋರ್ಟ್ ಜೋಡಿಗೆ ಒಂದೇ ಸಲ ಬರಬೇಕು, ಉಳಿದ ಕಡೆ ಬರೀ ಕ್ವಿಕ್. ಟಿಎಲ್‌ಎಸ್ 1.3 ಇಲ್ಲದೆ ಕ್ವಿಕ್ ಇಲ್ಲ, ಹಳೇ ಕಾನ್ಫಿಗ್‌ನಲ್ಲಿ 1.2 ಮಾತ್ರ ಅಂತ ಬರೆದಿದ್ರೆ 1.3ನ್ನೂ ಸೇರಿಸಿ.

ಇಷ್ಟೆಲ್ಲ ಆದ್ರೂ ಬ್ರೌಸರ್ 3ಕ್ಕೆ ಬರಲಿಲ್ಲ. ಬರೋದಕ್ಕೆ ಸರ್ವರ್ ಒಂದು ಸುದ್ದಿ ಹೇಳಬೇಕು, ಆಲ್ಟ್-ಸರ್ವೀಸ್ ಅನ್ನೋ ಹೆಡರ್, "443ರಲ್ಲಿ ನಾನು 3ನ್ನೂ ಮಾತಾಡ್ತೀನಿ, ಇಷ್ಟು ಸೆಕೆಂಡು ನೆನಪಿಟ್ಟುಕೋ" ಅನ್ನೋದು ಅದರ ಅರ್ಥ, ಸಾಮಾನ್ಯವಾಗಿ 86400 ಸೆಕೆಂಡು ಅಂದ್ರೆ ಒಂದು ದಿನ ಕೊಡ್ತಾರೆ. ಅದಕ್ಕೇ ಮೊದಲನೇ ಸಲ ಬಂದವರಿಗೆ 2ರಲ್ಲೇ ಸೈಟ್ ಓಪನ್ ಆಗೋದು, ಸುದ್ದಿ ಸಿಕ್ಕಿದ ಮೇಲೆ 3. ಇದು ಗೊತ್ತಿಲ್ಲದೆ ಒಂದೇ ಸಲ ರಿಫ್ರೆಶ್ ಮಾಡಿ "ಕೆಲಸ ಮಾಡ್ತಿಲ್ಲ" ಅಂತ ಎಷ್ಟೋ ಜನ ವಾಪಸ್ ಹೋಗ್ತಾರೆ. ನಾನು ಹೆಡರನ್ನ ಸರ್ವರ್ ಬ್ಲಾಕ್‌ನಲ್ಲಿ (ಕಾನ್ಫಿಗ್‌ನಲ್ಲಿ ಇಡೀ ಸೈಟಿನ ಭಾಗ) ಹಾಕಿದ್ದೆ, ಆದ್ರೆ ಸುದ್ದಿ ಹೋಗ್ತಾನೇ ಇರಲಿಲ್ಲ. ಕಾರಣ ಎಂಜಿನ್‌ಎಕ್ಸ್‌ನ ಒಂದು ಹಳೇ ನಿಯಮ, ಆಡ್ ಹೆಡರ್ ಸಾಲುಗಳು ಮೇಲಿಂದ ಕೆಳಗೆ ಇಳಿದು ಬರೋದು ಕೆಳಗಿನ ಲೊಕೇಶನ್ ಬ್ಲಾಕ್‌ನಲ್ಲಿ (ಸೈಟಿನೊಳಗಿನ ಒಂದೊಂದು ದಾರಿಯ ಭಾಗ) ಬೇರೆ ಆಡ್ ಹೆಡರ್ ಇಲ್ಲದಿದ್ರೆ ಮಾತ್ರ. ನನ್ನ ಲೊಕೇಶನ್‌ಗಳಲ್ಲಿ ಕ್ಯಾಶ್ ಹೆಡರ್ ಇತ್ತು, ಅದು ಒಂದಿದ್ದಿದ್ದಕ್ಕೆ ಮೇಲಿನದೆಲ್ಲ ಬಿದ್ದುಹೋಗಿತ್ತು. ಈಗ ಆ ಸಾಲನ್ನ ಬೇರೆ ಫೈಲ್‌ನಲ್ಲಿಟ್ಟು ಬೇಕಾದ ಕಡೆಯೆಲ್ಲ ಇನ್‌ಕ್ಲೂಡ್ ಮಾಡ್ಕೊಂಡಿದ್ದೀನಿ.

ಹೆಡರ್ ಹೋಯ್ತು, ಇನ್ನೂ 3 ಬರಲಿಲ್ಲ. ಸರ್ವರಿನೊಳಗಿನ ಫೈರ್‌ವಾಲ್‌ನಲ್ಲಿ 443 ಯುಡಿಪಿ ತೆಗೆದಿದ್ದೆ, ಪೋರ್ಟಿನ ಮೇಲೆ ಎಂಜಿನ್‌ಎಕ್ಸ್ ಕಿವಿಗೊಟ್ಟು ಕೂತಿರೋದೂ ಕಾಣ್ತಿತ್ತು. ಸಂಜೆ ತನಕ ಕಾನ್ಫಿಗ್‌ನಲ್ಲೇ ತಪ್ಪು ಹುಡುಕಿದೆ. ಆಮೇಲೆ ಹೊಳೀತು, ವಿಪಿಎಸ್ ಕೊಡೋ ಕಂಪನಿಯ ಪ್ಯಾನೆಲ್‌ನಲ್ಲಿ ಇನ್ನೊಂದು ಫೈರ್‌ವಾಲ್ ಇದೆ, ಅಲ್ಲಿ ಎಚ್‌ಟಿಟಿಪಿಎಸ್ ಅಂತ ರೆಡಿ ರೂಲ್ ಹಾಕಿದ್ರೆ ಅದು ಟಿಸಿಪಿಗೆ ಮಾತ್ರ. ಅವರ ಸಪೋರ್ಟ್‌ಗೆ ಬರೆದ್ರೆ ನಿಮ್ಮ ಸರ್ವರ್ ಸೆಟ್ಟಿಂಗ್ ನೋಡ್ಕೊಳ್ಳಿ ಅಂತ ಎರಡು ಸಲ ಅದೇ ಉತ್ತರ ಬಂತು, ಕೊನೆಗೆ ನಾನೇ ಕಸ್ಟಮ್ ರೂಲ್ ಸೇರಿಸಿ ಯುಡಿಪಿ 443 ತೆಗೆದ ಮೇಲೆ ಪ್ರೋಟೋಕಾಲ್ ಕಾಲಮ್‌ನಲ್ಲಿ ಎಚ್3 ಅಂತ ಬಂತು. ಹೆಸರಿನಲ್ಲಿ ಎಚ್‌ಟಿಟಿಪಿಎಸ್ ಅಂತ ಇದ್ರೆ ಈಗಿನ ಕಾಲದಲ್ಲಿ ಎರಡೂ ಸೇರಿರಬೇಕು, ಇದನ್ನ ಅವರು ಸರಿ ಮಾಡಲೇಬೇಕು.

ಇನ್ನೊಂದು ಸಣ್ಣ ಮುಳ್ಳು ಸಿಕ್ಕಿದ್ದು ಹೋಸ್ಟ್ ಹೆಸರಿನ ವಿಷಯದಲ್ಲಿ. 3ರಲ್ಲಿ ಬ್ರೌಸರ್ ಹೋಸ್ಟ್ ಅನ್ನೋ ಹೆಡರ್ ಕಳಿಸಲ್ಲ, ಅದರ ಬದಲು ಅಥಾರಿಟಿ ಅನ್ನೋ ಬೇರೆ ಫೀಲ್ಡ್ ಕಳಿಸುತ್ತೆ. ಎಂಜಿನ್‌ಎಕ್ಸ್ ಹಿಂದಿರೋ ನನ್ನ ಹುಡುಕಾಟದ ಪ್ರೋಗ್ರಾಮಿಗೆ ಎಚ್‌ಟಿಟಿಪಿ ಹೋಸ್ಟ್ ವೇರಿಯಬಲ್ ದಾಟಿಸ್ತಿದ್ದೆ, 3ರಲ್ಲಿ ಬಂದವರಿಗೆ ಅದು ಖಾಲಿ ಹೋಗ್ತಿತ್ತು, ಹುಡುಕಿದ್ರೆ ಎರರ್. ಅದರ ಜಾಗದಲ್ಲಿ ಬರೀ ಹೋಸ್ಟ್ ಅನ್ನೋ ವೇರಿಯಬಲ್ ಹಾಕಿದೆ, ಸರಿಹೋಯ್ತು. ಫೋಟೋ ಹಾಡು ಎಲ್ಲಾ ಚೆನ್ನಾಗಿ ಬಂದು ಒಂದು ಹುಡುಕಾಟ ಮಾತ್ರ ಕೆಟ್ರೆ ಗಮನಕ್ಕೇ ಬರಲ್ಲ, ಅದಕ್ಕೆ 3 ಆನ್ ಮಾಡಿದ ದಿನ ಸೈಟಿನ ಪ್ರತಿ ಫಾರ್ಮೂ ಒಂದೊಂದ್ಸಲ ಒತ್ತಿ ನೋಡಿ.

ಈಗ ಫಲ ಏನು. ಬೆಂಗಳೂರಿನ ಫೈಬರ್‌ನಲ್ಲಿ ನನಗೆ 2ಕ್ಕೂ 3ಕ್ಕೂ ಕಣ್ಣಿಗೆ ಕಾಣೋ ವ್ಯತ್ಯಾಸ ಏನೂ ಇಲ್ಲ. ನ್ಯೂಜೆರ್ಸಿಯಲ್ಲಿರೋ ಅಕ್ಕನ ಮಗನಿಗೆ ಇದೆ, ಯಾಕಂದ್ರೆ ಅಲ್ಲಿಂದ ಇಲ್ಲಿಗೆ ಪ್ಯಾಕೆಟ್ ಹೋಗಿ ಬರೋದಕ್ಕೆ ಸುಮಾರು 250 ಮಿಲಿಸೆಕೆಂಡ್ ಅಂತ ಇಟ್ಕೊಳ್ಳಿ, ಟಿಸಿಪಿ ಮತ್ತು ಟಿಎಲ್‌ಎಸ್ 1.2 ಸೇರಿ ಮೂರು ಸಲ ಹೋಗಿ ಬಂದ ಮೇಲೇ ಮೊದಲ ರಿಕ್ವೆಸ್ಟ್ ಹೊರಡೋದು, ಅಲ್ಲಿಗೆ 750. ಟಿಎಲ್‌ಎಸ್ 1.3 ಇದ್ರೆ ಎರಡು ಸಲ, 500. ಕ್ವಿಕ್‌ನಲ್ಲಿ ಎರಡೂ ಕೈಕುಲುಕಾಟ ಒಟ್ಟಿಗೇ ಆಗೋದ್ರಿಂದ ಒಂದೇ ಸಲ, 250. ಹಳೇ ಪರಿಚಯ ಇದ್ರೆ ಸೊನ್ನೆಗೂ ಇಳಿಸಬಹುದು, ಆದ್ರೆ ಆ ಸೌಲಭ್ಯ ನಾನು ಆನ್ ಮಾಡಿಲ್ಲ, ಅದರಲ್ಲಿ ಕಳಿಸಿದ ರಿಕ್ವೆಸ್ಟನ್ನ ನಡುವೆ ಯಾರಾದ್ರೂ ಹಿಡಿದು ಮತ್ತೊಮ್ಮೆ ಕಳಿಸೋ ಅಪಾಯ ಇದೆ, ನಮ್ಮಲ್ಲಿ ಹಾಡು ಸೇರಿಸೋ ಫಾರ್ಮ್ ಇದೆ.

ಹೊಸನಗರದ್ದೇ ನನಗೆ ಮುಖ್ಯ. ಚಿಕ್ಕಮ್ಮ ಮಳೆಯಲ್ಲೇ ನೋಡಿ ಹೇಳಿದ್ರು, ಒಂದೆರಡು ಫೋಟೋ ತಡ ಆಗ್ತವೆ, ಆದ್ರೆ ಮಿಕ್ಕಿದ್ದು ಬರ್ತಾ ಇರ್ತವೆ, ಎಲ್ಲಾ ಒಟ್ಟಿಗೇ ನಿಲ್ಲೋದು ಹೋಯ್ತು ಅಂತ. ಇಷ್ಟು ಸಾಕು ನನಗೆ. ಇನ್ನೊಂದು ಚೆಂದದ ವಿಷಯ ಕನೆಕ್ಷನ್ ಮೈಗ್ರೇಶನ್. ಟಿಸಿಪಿ ಕನೆಕ್ಷನ್ ಗುರುತು ಅಂದ್ರೆ ಎರಡೂ ಕಡೆಯ ಐಪಿ ಮತ್ತು ಪೋರ್ಟ್, ಮನೆ ವೈಫೈ ಬಿಟ್ಟು ಅಂಗಳ ದಾಟಿ ಮೊಬೈಲ್ ಡೇಟಾಗೆ ಬಂದ್ರೆ ಐಪಿ ಬದಲಾಗಿ ಎಲ್ಲಾ ಮತ್ತೆ ಮೊದಲಿಂದ. ಕ್ವಿಕ್‌ಗೆ ತನ್ನದೇ ಕನೆಕ್ಷನ್ ಐಡಿ ಇದೆ, ಐಪಿ ಬದಲಾದ್ರೂ ಗುರುತು ಉಳಿಯುತ್ತೆ. ಬ್ರೌಸರೂ ಒಪ್ಪಬೇಕು, ಎಲ್ಲವೂ ಒಂದೇ ಥರ ಮಾಡಲ್ಲ. ಸರ್ವರ್ ಕಡೆ ಹಲವು ವರ್ಕರ್ (ಎಂಜಿನ್‌ಎಕ್ಸ್ ಕೆಲಸ ಹಂಚಿಕೊಳ್ಳೋ ಪ್ರೋಸೆಸ್) ಇದ್ರೆ ಐಪಿ ಬದಲಾದ ಪ್ಯಾಕೆಟ್ ಬೇರೆ ವರ್ಕರ್ ಕೈಗೆ ಹೋಗಬಹುದು, ಅದಕ್ಕೆ ಕ್ವಿಕ್ ಬಿಪಿಎಫ್ ಅನ್ನೋ ಸೆಟ್ಟಿಂಗ್ ಇದೆ, ಲಿನಕ್ಸ್ ಕರ್ನಲ್ 5.7 ಅಥವಾ ಹೊಸದು ಬೇಕು. ನನ್ನದು ಒಂದೇ ಸಿಪಿಯು ಒಂದೇ ವರ್ಕರ್ ಆದ್ದರಿಂದ ಆ ಪ್ರಶ್ನೆ ಬರಲಿಲ್ಲ.

3ಕ್ಕೆ ನಾಲ್ಕು ಸ್ಟಾರ್. ಒಂದು ಕಮ್ಮಿ ಯಾಕಂದ್ರೆ ಕ್ವಿಕ್ ಕೆಲಸ ಕರ್ನಲ್‌ನಲ್ಲಿ ಅಲ್ಲ ಎಂಜಿನ್‌ಎಕ್ಸ್‌ನೊಳಗೇ ನಡೆಯೋದ್ರಿಂದ ಅಷ್ಟೇ ಡೇಟಾಗೆ ಸಿಪಿಯು ಜಾಸ್ತಿ ತಿನ್ನುತ್ತೆ, ನನ್ನ ಸಣ್ಣ ಸೈಟಿಗೆ ತಡೆಯುತ್ತೆ, ದೊಡ್ಡ ಡೌನ್‌ಲೋಡ್ ಕೊಡೋರು ಅಳೆದು ನೋಡಬೇಕು. ಕೆಲವು ಆಫೀಸ್ ನೆಟ್‌ವರ್ಕ್‌ಗಳಲ್ಲಿ ಯುಡಿಪಿ 443 ಬಂದ್ ಇರುತ್ತೆ, ಅಲ್ಲಿ ಬ್ರೌಸರ್ ತಾನಾಗೇ 2ಕ್ಕೆ ಇಳಿಯುತ್ತೆ, ಅದಕ್ಕೇ 2ನ್ನ ಯಾವತ್ತೂ ತೆಗೀಬೇಡಿ.

ಮತ್ತೆ ಪ್ರೋಟೋಕಾಲ್ ಬದಲಾಯಿಸಿದ್ರೆ ಎಲ್ಲಾ ಸರಿಹೋಗುತ್ತೆ ಅಂತಲೂ ಇಲ್ಲ. ನಮ್ಮ ಕನ್ನಡದ ಸೈಟುಗಳ ತೂಕ ಬೇರೆ ಕಡೆ ಇದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡ್‌ಪಾಯಿಂಟಿಗೂ ಮೂರು ಬೈಟ್, "ಕ್ಷ" ಅಂತ ಒಂದು ಅಕ್ಷರ ಬರೆದ್ರೆ ಒಳಗೆ ಕ, ವಿರಾಮ, ಷ ಸೇರಿ ಒಂಬತ್ತು ಬೈಟ್. ಜಿಜಿಪ್ (ಪಠ್ಯ ಕುಗ್ಗಿಸಿ ಕಳಿಸೋ ಸೌಲಭ್ಯ) ಆನ್ ಇಲ್ಲದೆ ಹಾಡಿನ ಸಾಹಿತ್ಯ ಕಳಿಸ್ತಿದ್ರೆ ಮೊದಲು ಅದನ್ನ ಸರಿ ಮಾಡಿ, ಪಲ್ಲವಿ ಮತ್ತೆ ಮತ್ತೆ ಬರೋ ಸೋಬಾನೆ ಪದಗಳು ಕಂಪ್ರೆಸ್ ಆಗೋದು ನೋಡಿದ್ರೆ ಖುಷಿಯಾಗುತ್ತೆ. ಕನ್ನಡದ ವೆಬ್‌ಫಾಂಟ್‌ನಲ್ಲಿ ಒತ್ತಕ್ಷರಗಳ ಆಕಾರಗಳೆಲ್ಲ ಇರೋದ್ರಿಂದ ಫೈಲ್ ದೊಡ್ಡದು, ನಾನು ಎರಡು ದಪ್ಪದ ಫಾಂಟ್ ಇಟ್ಟಿದ್ದನ್ನ ಒಂದಕ್ಕೆ ಇಳಿಸಿದೆ, ಫೋಟೋಗಳನ್ನ ವೆಬ್‌ಪಿ ಅನ್ನೋ ಹಗುರ ನಮೂನೆಗೆ ಬದಲಾಯಿಸಿದೆ.

ಇದೆಲ್ಲ ಕೈಯಾರೆ ಬೇಡ ಅನ್ನೋರಿಗೆ ಕ್ಯಾಡಿ ಅನ್ನೋ ಸರ್ವರ್ ಇದೆ, 2.6ರಿಂದ ಅದರಲ್ಲಿ 3 ತಾನಾಗೇ ಆನ್, ಸರ್ಟಿಫಿಕೇಟೂ ಅದೇ ತರುತ್ತೆ, ಹೊಸದಾಗಿ ಶುರು ಮಾಡೋರಿಗೆ ನಾನು ಅದನ್ನೇ ಹೇಳ್ತೀನಿ. ಅಪಾಚೆ ಅನ್ನೋ ಇನ್ನೊಂದು ವೆಬ್ ಸರ್ವರ್ ಇರೋರಿಗೆ 2 ತನಕ ದಾರಿ ಇದೆ, 2.4.17ರಿಂದ ಮಾಡ್ಯೂಲ್ ಬಂದಿದೆ, ಆದ್ರೆ ಪ್ರೀಫೋರ್ಕ್ ಅನ್ನೋ ಅದರ ಹಳೇ ವಿಧಾನದಲ್ಲಿ ಓಡಲ್ಲ, ಈವೆಂಟ್ ಅನ್ನೋ ವಿಧಾನಕ್ಕೆ ಬದಲಾಯಿಸಬೇಕು, ಹಳೇ ಪಿಎಚ್‌ಪಿ ಮಾಡ್ಯೂಲ್ ಇದ್ರೆ ಪಿಎಚ್‌ಪಿ-ಎಫ್‌ಪಿಎಂಗೂ ಹೋಗಬೇಕಾಗುತ್ತೆ. 3 ಬೇಕಂದ್ರೆ ಅದರ ಮುಂದೆ ಬೇರೆ ಏನಾದ್ರೂ ನಿಲ್ಲಿಸಬೇಕು.

ಲಾಗ್ ಫಾರ್ಮ್ಯಾಟ್‌ಗೆ ಸರ್ವರ್ ಪ್ರೋಟೋಕಾಲ್ ಅನ್ನೋ ವೇರಿಯಬಲ್ ಸೇರಿಸಿಕೊಂಡಿದ್ದೀನಿ, ಬೆಳಗ್ಗೆ ಕಾಫಿ ಜೊತೆ ಯಾರು ಯಾವುದರಲ್ಲಿ ಬಂದ್ರು ಅಂತ ನೋಡ್ತೀನಿ. ಹಳೇ ಫೋನಿನವರು ಇನ್ನೂ 1.1ರಲ್ಲಿ ಬರ್ತಾರೆ, ಅವರಿಗೂ ಬಾಗಿಲು ತೆಗೆದೇ ಇದೆ. ಉಳಿದಿರೋ ಕೆಲಸ ಒಂದು, ಡಿಎನ್‌ಎಸ್‌ನಲ್ಲಿ ಎಚ್‌ಟಿಟಿಪಿಎಸ್ ಅನ್ನೋ ಹೊಸ ನಮೂನೆ ರೆಕಾರ್ಡ್ ಬಂದಿದೆ, 2023ರ ನವೆಂಬರಿನಲ್ಲಿ ಸ್ಟ್ಯಾಂಡರ್ಡ್ ಆಯ್ತು, ಅದನ್ನ ಹಾಕಿದ್ರೆ ಅದನ್ನ ಓದೋ ಬ್ರೌಸರ್ ಮೊದಲನೇ ಸಲವೇ 3ರಲ್ಲಿ ಬರಬಹುದು, ಆಲ್ಟ್-ಸರ್ವೀಸ್ ಸುದ್ದಿಗೆ ಕಾಯಬೇಕಿಲ್ಲ. ನಮ್ಮ ಡೊಮೇನ್ ಇರೋ ಕಡೆ ಪ್ಯಾನೆಲ್‌ನಲ್ಲಿ ಆ ಆಯ್ಕೆ ಇಲ್ಲ, ಡಿಎನ್‌ಎಸ್ ಬೇರೆ ಕಡೆ ಸಾಗಿಸಬೇಕು, ದೀಪಾವಳಿಗೆ ಊರಿಗೆ ಹೋಗೋಷ್ಟರಲ್ಲಿ ಅದನ್ನ ಮುಗಿಸಿ ಚಿಕ್ಕಮ್ಮನ ಫೋನಿನಲ್ಲೇ ನೋಡ್ಬೇಕು ಅಂತಿದ್ದೀನಿ.